ಅಟ್ಟದಿಂದ ಇಳಿಯುವ ಋತುಗಳು

ಹಾರ್ಲೆಮ್‌ನಲ್ಲಿ ಸಂಜೆ ಹೊತ್ತು ಬೀದಿ ಸುತ್ತುವವರಿಗೆ ಪುಕ್ಕಟೆ ಮನರಂಜನೆಯೊಂದಿದೆ: ಬೇರೆಯವರ ಮನೆಯ ಕಿಟಕಿ. ಇಲ್ಲಿನವರು ಪರದೆ ಎಳೆಯುವುದು ಕಡಿಮೆ. ಹಾಲ್‌ನ ಕಿಟಕಿಯೆಂದರೆ ಹೆಚ್ಚುಕಮ್ಮಿ ಗೋಡೆಯಷ್ಟಗಲ. ಒಳಗಿನ ದೀಪ, ಸೋಫಾ, ಪುಸ್ತಕದ ಕಪಾಟು, ಊಟಕ್ಕೆ ಕೂತ ಸಂಸಾರ ಎಲ್ಲವೂ ಬಟಾಬಯಲು. ನಮ್ಮಜ್ಜಿ ನೋಡಿದ್ದರೆ ಇಡೀ ಊರಿಗೆ ದೃಷ್ಟಿ ತೆಗೆದುಬಿಡುತ್ತಿದ್ದಳು. ಆದರೆ ಇಲ್ಲಿ ದೃಷ್ಟಿ ಬೀಳಲಿ ಎಂದೇ ಕಿಟಕಿ. ಅದರ ಬುಡದಲ್ಲಿ ಮೊಳದಗಲದ ಒಂದು ಹಾಸು ಇರುತ್ತದೆ, ಫೆನ್‌ಸ್ಟರ್‌ಬಾಂಕ್ ಅನ್ನುತ್ತಾರೆ. ಅದರ ಮೇಲೆ ಬೀದಿಯವರಿಗಾಗಿಯೇ ಏನಾದರೂ ಜೋಡಿಸಿಟ್ಟಿರುತ್ತಾರೆ. ಜೋಡಿ ಹೂದಾನಿ, ಜೋಡಿ ಆರ್ಕಿಡ್, ಜೋಡಿ ದೀಪ. ಒಂಟಿಯಾಗಿ ಕೂತದ್ದು ಬೆಕ್ಕು ಮಾತ್ರ.

ನಮ್ಮ ಮನೆಯಿರುವುದು ಊರ ತೆಂಕಣಕ್ಕೆ, ಸ್ಕಾಲ್ಕ್‌ವೈಕ್ ಎಂಬ ಬಡಾವಣೆಯಲ್ಲಿ. 1960ರ ದಶಕದ ಸಾಲುಮನೆಗಳು, ಹೆಸರು ಹೇಳಿಕೊಳ್ಳುವಂಥ ಚೆಲುವೇನಿಲ್ಲ. ಪ್ರವಾಸಿಗಳು ನೋಡಲು ಬರುವ ಹಾರ್ಲೆಮ್ ಸ್ಪಾರ್ನ ನದಿಯ ಬಾಗಿನೊಳಗೆ ಸಂತ ಬಾವೋ ಇಗರ್ಜಿಯ ಸುತ್ತ ಇದೆ. ಇಲ್ಲಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿಬರುವಾಗ ನಾನು ದಾರಿಯುದ್ದ ಕಿಟಕಿ ಓದುತ್ತೇನೆ. ಓದಿ ಓದಿ ತಿಳಿದದ್ದೇನೆಂದರೆ, ಇವರ ಕಿಟಕಿಗಳು ಋತುವಿಗೊಮ್ಮೆ ಬದಲಾಗುತ್ತವೆ, ಸಾಮಾನು ಬದಲಾಗುವುದಿಲ್ಲ.

ನಮ್ಮ ಸಾಲಿನ ಮೂಲೆಮನೆಯ ಅಜ್ಜಿಯನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಒಂದು ಸತುವಿನ ಬಕೆಟ್ಟು ಬರುತ್ತದೆ, ಅದರ ತುಂಬ ನೇರಳೆ ಹೂವಿನ ಹೀದರ್ ಗಿಡ, ಪಕ್ಕದಲ್ಲಿ ಅಂಗೈಯಗಲದ ಕುಂಬಳಕಾಯಿಗಳು. ನವೆಂಬರ್ ನಡುವೆ ಬಕೆಟ್ಟು ಮಾಯ. ಅಲ್ಲೊಬ್ಬ ಮರದ ಸಿಂಟರ್‌ಕ್ಲಾಸ್ ಬಿಳಿ ಕುದುರೆ ಏರಿ ಬಂದು ನಿಲ್ಲುತ್ತಾನೆ. ಕುದುರೆಗೆ ಒಂದು ಕಿವಿಯಿಲ್ಲ. ಡಿಸೆಂಬರ್ 5ರ ರಾತ್ರಿ ಮಕ್ಕಳಿಗೆ ಉಡುಗೊರೆ ಹಂಚಿ ಮುಗಿಸಿದ ಮೇಲೆ ಅವನಿಗಿಲ್ಲಿ ಕೆಲಸವಿಲ್ಲ. ಮರುದಿನವೇ ಕಾಗದದ ನಕ್ಷತ್ರ ದೀಪ ನೇತಾಡುತ್ತದೆ. ಜನವರಿ 6 ದಾಟಿತೋ, ಎಲ್ಲ ಖಾಲಿ, ಗಾಜಿನ ಮೇಲೆ ಗಾಜು ಬಿಟ್ಟರೆ ಏನಿಲ್ಲ. ಈಸ್ಟರ್ ಬಂದರೆ ವಿಲ್ಲೋ ಮರದ ತಿರುಚಿದ ಕೊಂಬೆಗಳಿಗೆ ಬಣ್ಣ ಹಚ್ಚಿದ ಮೊಟ್ಟೆಚಿಪ್ಪುಗಳು. ಬೇಸಿಗೆಯಲ್ಲಿ ಝಾಂಡ್‌ಫೋರ್ಟ್ ಕಡಲದಂಡೆಯಿಂದ ಆರಿಸಿ ತಂದ ಚಿಪ್ಪು, ಉಪ್ಪು ಕುಡಿದು ಬೆಳ್ಳಗಾದ ಒಂದು ಮರದ ತುಂಡು. ಮತ್ತೆ ಸೆಪ್ಟೆಂಬರ್, ಮತ್ತದೇ ಬಕೆಟ್ಟು, ಮತ್ತದೇ ಕಿವಿಯಿಲ್ಲದ ಕುದುರೆ. ವರ್ಷ ವರ್ಷವೂ ಅಜ್ಜಿ ಹೊಸದಾಗಿ ಕೊಳ್ಳುವುದು ಬಹುಶಃ ಕುಂಬಳಕಾಯಿ ಮಾತ್ರ, ಅದೂ ಕೊನೆಗೆ ಸೂಪಾಗುತ್ತದೆ.

ಡಚ್ಚರು ಜಿಪುಣರೆಂದು ಯುರೋಪಿನಲ್ಲೆಲ್ಲ ಗೇಲಿಯಿದೆ. ಜಿಪುಣತನಕ್ಕೂ ಇಷ್ಟು ಅಂದವಿದ್ದರೆ ಇರಲಿ ಬಿಡಿ ಎಂದುಕೊಂಡಿದ್ದೆ. ಒಮ್ಮೆ ಅಜ್ಜಿ ಒಂದು ಪೆಟ್ಟಿಗೆ ಇಳಿಸಿಕೊಡಲು ನನ್ನನ್ನು ಕರೆದಳು. ಅವಳ ಮನೆಯ ಮಾಳಿಗೆಯ ಸೂರಿನಿಂದ ಮಡಿಸುವ ಏಣಿಯೊಂದು ಇಳಿಯಿತು. ಅದರ ಮೇಲೆ ತಲೆ ತೂರಿಸಿದರೆ, ಇಳಿಜಾರು ಮಾಡಿನ ಅಡಿಯಲ್ಲಿ ಗೋಡೆಗುಂಟ ರಟ್ಟಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಋತುವಿನ ಹೆಸರು, ಹಬ್ಬದ ಹೆಸರು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಳಗೇನಿದೆಯೆಂಬ ಪಟ್ಟಿ. ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು: ಈಕೆಯ ಹೆಚ್ಚುಗಾರಿಕೆ ಇರುವುದು ಇಳಿಸುವುದರಲ್ಲಲ್ಲ, ಏರಿಸುವುದರಲ್ಲಿ. ಎಂಥ ಚೆಂದದ ವಸ್ತುವನ್ನೂ ಹನ್ನೊಂದು ತಿಂಗಳು ಕಣ್ಣಿಂದ ಮರೆಮಾಡುವ ಗಟ್ಟಿತನ ಅವಳಿಗಿದೆ. ನನಗಿರಲಿಲ್ಲ. ನಮ್ಮ ಹಾಲ್‌ನಲ್ಲಿ ಚನ್ನಪಟ್ಟಣದ ಆನೆ, ಮೈಸೂರಿನ ಬೀಟೆಮರದ ಕೆತ್ತನೆ, ಕಿನ್ನಾಳದ ಗೊಂಬೆ, ಗಂಜೀಫಾ ಚಿತ್ರದ ತಟ್ಟೆ, ಎಲ್ಲವೂ ವರ್ಷಪೂರ್ತಿ ಹಾಜರಿದ್ದವು, ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಗಿಡದ ದೋಷವೇನಲ್ಲ, ದಿನಾ ಅದನ್ನೇ ನೋಡುವ ಕಣ್ಣಿನದು.

ಪತ್ರಿಕೆಗಳ ಮನೆ ಅಲಂಕಾರದ ಪುಟಗಳು ಇದನ್ನು ಒಪ್ಪುವುದಿಲ್ಲ. ಈ ಚಳಿಗಾಲಕ್ಕೆ ಇಟ್ಟಿಗೆ ಬಣ್ಣ, ಮುಂದಿನ ವಸಂತಕ್ಕೆ ಪುದೀನಾ ಬಣ್ಣ ಅನ್ನುತ್ತವೆ. ದಿಂಬಿನ ಗವಸು ಬದಲಿಸದಿದ್ದರೆ ವಸಂತ ಬರುವುದೇ ಇಲ್ಲವೇನೋ ಎಂಬಂತೆ ಬರೆಯುತ್ತವೆ. ಬದಲಿಸದೆಯೂ ಬಂದದ್ದಿದೆ, ನಾನು ಕಂಡಿದ್ದೇನೆ. ಆದರೂ ವಾರ್ಡರ್‌ಪೋಲ್ಡರ್‌ನ ಐಕಿಯಾದಿಂದ ಶನಿವಾರ ಸಂಜೆ ಹೊರಬೀಳುವ ಗಾಡಿಗಳ ಡಿಕ್ಕಿ ಅರ್ಧ ತೆರೆದೇ ಇರುತ್ತದೆ, ಒಳಗಿನ ಹೊಸ ಋತುವಿನ ಸಾಮಾನು ಹೊರಕ್ಕೆ ಚಾಚಿರುತ್ತದೆ. ಅವರ ಮನೆಯ ಹಳೆ ಋತು ಎಲ್ಲಿಗೆ ಹೋಯಿತೆಂದು ತಿಳಿಯಬೇಕಾದರೆ ಯಾವುದಾದರೂ ಕ್ರಿಂಗ್‌ಲೋಪ್‌ಗೆ, ಅಂದರೆ ಬಳಸಿದ ಸಾಮಾನಿನ ಅಂಗಡಿಗೆ, ಹೋಗಿ ನೋಡಬೇಕು. ಅಲ್ಲಿ ಪಿಂಗಾಣಿ ತಟ್ಟೆಗಳ ಬೆಟ್ಟ, ಹೂದಾನಿಗಳ ಕಾಡು.

*

ಹಾಗೆ ನೋಡಿದರೆ ಅಟ್ಟದ ವಿದ್ಯೆ ನಮಗೇನು ಹೊಸದೆ? ಮೈಸೂರಿನ ನಮ್ಮ ಮನೆಯಲ್ಲಿ ಬಚ್ಚಲಮನೆಯ ಮೇಲೆ ಅಟ್ಟ. ಅಲ್ಲಿ ಕಬ್ಬಿಣದ ಟ್ರಂಕು, ಟ್ರಂಕಿನೊಳಗೆ ಹಳೆ ಪಂಚೆಯ ಹೊದಿಕೆಯಲ್ಲಿ ಮಲಗಿದ ರಾಜ ರಾಣಿ. ರಕ್ತಚಂದನದ ಪಟ್ಟದ ಗೊಂಬೆಗಳು. ಅಮ್ಮನಿಗೆ ಅವಳಮ್ಮ ಮದುವೆಯಲ್ಲಿ ಕೊಟ್ಟದ್ದು. ಮಹಾಲಯ ಅಮಾವಾಸ್ಯೆ ಕಳೆದ ಪಾಡ್ಯದ ದಿನ ಅಪ್ಪ ಏಣಿ ಹತ್ತಿ ಟ್ರಂಕು ಇಳಿಸುತ್ತಿದ್ದರು. ಮುಚ್ಚಳ ತೆಗೆದಾಗ ಬರುವ ನುಸಿಗುಳಿಗೆ ವಾಸನೆಯೇ ನಮಗೆ ದಸರೆಯ ವಾಸನೆ. ರಾಣಿಯ ಮೂಗುತಿ ಹೋದ ವರ್ಷಕ್ಕಿಂತ ಹೆಚ್ಚು ಕೆಂಪಗಿದೆಯೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ಅದೇ ಗೊಂಬೆ ವರ್ಷವಿಡೀ ಶೋಕೇಸಿನಲ್ಲಿ ಕೂತಿದ್ದರೆ ಮೂಗುತಿಯಿತ್ತೆಂಬುದೂ ನೆನಪಿರುತ್ತಿರಲಿಲ್ಲ.

ಗೊಂಬೆ ಬೇರೆ, ಗೊಂಬೆ ಕೂರಿಸುವ ಹಂತಗಳು ಬೇರೆ. ಇವತ್ತು ಮಡಿಸುವ ಕಬ್ಬಿಣದ ಮೆಟ್ಟಿಲು ಅಂಗಡಿಯಲ್ಲಿ ಸಿಗುತ್ತವೆ, ನಂಬರಿನ ಪ್ರಕಾರ ಸ್ಕ್ರೂ ಹಾಕಿದರಾಯಿತು. ನನಗದು ಇಷ್ಟವಿಲ್ಲ. ನಮ್ಮ ಮನೆಯ ಹಂತಗಳು ಮನೆಯ ಹೊಟ್ಟೆಯಿಂದಲೇ ಬರುತ್ತಿದ್ದವು. ಮೇಲಿನದು ಬೀರುವಿಗೆ ಆನಿಸಿದ ಟ್ರಂಕಿನ ಮೇಲೊಂದು ಟ್ರಂಕು, ಕೆಳಗೆ ಅಕ್ಕಿ ಡಬ್ಬ, ಅದರ ಕೆಳಗೆ ಎಣ್ಣೆ ಟಿನ್ನುಗಳ ಮೇಲೆ ಹಲಗೆ, ಕೊನೆಯದು ಅಪ್ಪನ ಕಾನೂನು ಪುಸ್ತಕಗಳು. ಬೆಸ ಸಂಖ್ಯೆ ಆಗಬೇಕು, ಐದೋ ಏಳೋ. ಎಲ್ಲದರ ಮೇಲೂ ಒಗೆದು ನೀಲಿ ಹಾಕಿದ ಬಿಳಿ ಪಂಚೆ ಹಾಸಿ, ಮೂಲೆಗಳಿಗೆ ಗುಂಡುಪಿನ್ನು ಚುಚ್ಚಿದರೆ ಅರಮನೆ ಸಿದ್ಧ. ಒಂಬತ್ತು ದಿನ ನಮ್ಮಮ್ಮ ಅಕ್ಕಿ ಬೇಕಾದರೆ ಪಕ್ಕದ ಮನೆಯಿಂದ ಸಾಲ ತರುತ್ತಿದ್ದಳು.

ಹಾರ್ಲೆಮ್‌ನಲ್ಲಿ ನನಗೆ ಟ್ರಂಕಿಲ್ಲ. ಸೂಟ್‌ಕೇಸುಗಳಿವೆ, ಇಂಡಿಯಾಕ್ಕೆ ಹೋಗಿಬರುವವರ ಮನೆಯಲ್ಲಿ ಅವಕ್ಕೇನು ಬರ. ದೊಡ್ಡವೆರಡು ಅಡ್ಡ ಮಲಗಿದರೆ ಬುಡದ ಹಂತ. ಅದರ ಮೇಲೆ ಮನೆ ಬದಲಾಯಿಸಿದಾಗ ಬಂದ ಗಟ್ಟಿ ರಟ್ಟಿನ ಪೆಟ್ಟಿಗೆಗಳು. ಎಲ್ಲಕ್ಕಿಂತ ಮೇಲೆ ಮಗಳು ಶಾಲೆಯಿಂದ ತಂದ ಭೂಪಟದ ಪುಸ್ತಕಗಳು, ಅದರ ಮೇಲೆ ರಾಜ ರಾಣಿ. ಅಮ್ಮ ಕೊಟ್ಟ ಅದೇ ರಾಜ ರಾಣಿ, ಕೈಚೀಲದಲ್ಲಿ ಮೂರು ಪದರ ಟವೆಲ್ಲಿನೊಳಗೆ ಬಂದವರು. ಪಟ್ಟದ ಗೊಂಬೆ ಪೂರ್ವಕ್ಕೆ ಮುಖ ಮಾಡಬೇಕೆಂಬುದು ಅಮ್ಮನ ವಿಡಿಯೋ ಕಾಲ್ ಅಪ್ಪಣೆ. ಬೀದಿಯ ಕಿಟಕಿ ಇರುವುದೂ ಪೂರ್ವಕ್ಕೇ. ಹಾಗಾಗಿ ಶಾಸ್ತ್ರಕ್ಕೂ ಫೆನ್‌ಸ್ಟರ್‌ಬಾಂಕಿಗೂ ಜಗಳ ಬರಲಿಲ್ಲ. ನಮ್ಮ ದಸರೆ ಬೀದಿಗೆ ಮುಖ ಮಾಡಿಯೇ ಕೂರುತ್ತದೆ.

ಗೊಂಬೆಗಳ ಕೆಳಗೆ ಪಾರ್ಕು ಬೇಕಲ್ಲ. ಊರಲ್ಲಾದರೆ ತಟ್ಟೆಗೆ ಮಣ್ಣು ಹರಡಿ ರಾಗಿ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹಸಿರು. ಇಲ್ಲಿ ಅಕ್ಟೋಬರ್ ಚಳಿಗೆ ರಾಗಿ ಮೊಳೆಯಲು ಮೀನಮೇಷ ಎಣಿಸುತ್ತದೆ. ಒಗ್ಗರಣೆ ಡಬ್ಬಿಯ ಸಾಸಿವೆ ವಾಸಿ. ಒದ್ದೆ ಹತ್ತಿಯ ಮೇಲೆ ಹರಡಿ ರೇಡಿಯೇಟರ್ ಪಕ್ಕಕ್ಕಿಟ್ಟರೆ ಬೇಗ ಚಿಗುರುತ್ತದೆ. ಕೈಗನ್ನಡಿ ಮಧ್ಯೆ ಇಟ್ಟರೆ ಕೆರೆ. ಕೆರೆಯ ದಂಡೆಯಲ್ಲಿ ಈಗ ನಮ್ಮ ಶೆಟ್ಟಿ ದಂಪತಿ ಗೊಂಬೆಗಳ ದಿನಸಿ ಅಂಗಡಿಗೆ ಹೊಸ ನೆರೆಹೊರೆ ಬಂದಿದೆ: ಕೆಎಲ್‌ಎಂ ವಿಮಾನ ಕಂಪನಿ 1952ರಿಂದ ತನ್ನ ದುಬಾರಿ ದರ್ಜೆಯ ಪ್ರಯಾಣಿಕರಿಗೆ ಕೊಡುತ್ತ ಬಂದ ಡೆಲ್ಫ್ಟ್ ನೀಲಿಯ ಪುಟ್ಟ ಪಿಂಗಾಣಿ ಮನೆಗಳು. ಪ್ರತಿಯೊಂದೂ ಯಾವುದೋ ನಿಜವಾದ ಕಟ್ಟಡದ ನಕಲು. ಕಂಪನಿ ಹುಟ್ಟಿದ್ದು 1919ರ ಅಕ್ಟೋಬರ್ 7ರಂದು, ಆ ತಾರೀಖಿಗೆ ವರ್ಷಕ್ಕೊಂದು ಹೊಸ ಮನೆ ಬಿಡುಗಡೆಯಾಗುತ್ತದೆ. ದಸರೆಯೂ ಅದರ ಆಸುಪಾಸಿಗೇ ಬರುವುದರಿಂದ ನಾನಿದನ್ನು ದೈವಸಂಕಲ್ಪವೆಂದೇ ತಿಳಿದಿದ್ದೇನೆ. ನಾವು ವಿಮಾನದಲ್ಲಿ ಕೂರುವುದು ಕಕ್ಕಸಿನ ಪಕ್ಕದ ಸಾಲಿನಲ್ಲಿ. ಮನೆಗಳು ಬಂದದ್ದು ಬೀದಿ ಸಂತೆಯಿಂದ. ಒಳಗೆ ಯೆನೇವರ್ ಎಂಬ ಮದ್ಯ ತುಂಬಿರುತ್ತದೆಂದು ಅಮ್ಮನಿಗೆ ಹೇಳಿಲ್ಲ. ಬಗ್ಗಿಸಿ ಒಣಗಿಸಿಟ್ಟಿದ್ದೇನೆ, ಮಡಿಗೆ ಭಂಗವಿಲ್ಲ.

ಆ ಒಂಬತ್ತು ದಿನ ನಮ್ಮ ಕಿಟಕಿಯ ಮುಂದೆ ನಾಯಿಗಳು ಎಂದಿಗಿಂತ ಹೆಚ್ಚು ಹೊತ್ತು ನಿಲ್ಲುತ್ತವೆ. ಹಿಡಿದವರು ನಿಂತರೆ ಅವೂ ನಿಲ್ಲಬೇಕಲ್ಲ. ಒಂದು ಸಂಜೆ ಮೂಲೆಮನೆ ಅಜ್ಜಿ ಒಳಗೆ ಬಂದು, ಹಂತಗಳ ಪಂಚೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಅಡಿಯಲ್ಲಿದ್ದ ಸೂಟ್‌ಕೇಸಿನ ಚಕ್ರ ಕಂಡು, ಗೊಂಬೆಗಳನ್ನು ನೋಡಿದ್ದಕ್ಕಿಂತ ಜಾಸ್ತಿ ಖುಷಿಪಟ್ಟಳು. ಗೊಂಬೆ ನೋಡಲು ಬಂದವರಿಗೆ ಕೊಡುವ ಚರಪು ತೆಗೆದುಕೊಂಡಳು. ಕಡಲೆಕಾಳು ಉಸಲಿಗೆ ಕಾಯಿತುರಿ ಯಾಕೆಂದು ಕೇಳಲಿಲ್ಲ.

*

ಕಿಟಕಿಯಲ್ಲಿ ಹೀಗೆ ಇದ್ದದ್ದನ್ನೇ ಜೋಡಿಸಿಡುವುದು ಈ ಊರಿನ ಹಳೆ ಚಾಳಿ ಎಂದು ನನಗೆ ಖಾತ್ರಿಯಾದದ್ದು ಫ್ರಾನ್ಸ್ ಹಾಲ್ಸ್ ವಸ್ತುಸಂಗ್ರಹಾಲಯದಲ್ಲಿ. 1609ರಲ್ಲಿ ಬಡ ವೃದ್ಧರಿಗಾಗಿ ಕಟ್ಟಿಸಿದ ಮನೆ, 1913ರಿಂದ ಚಿತ್ರಗಳ ಮನೆ. ಜನ ಹೋಗುವುದು ಹಾಲ್ಸ್ ಬರೆದ ಪೌರಸೇನೆಯ ಔತಣದ ದೊಡ್ಡ ಚಿತ್ರಗಳಿಗೆ, ಕೆಂಪು ಮೂಗು, ನೆರಿಗೆಯ ಕೊರಳಪಟ್ಟಿ, ರೇಷ್ಮೆ ನಡುಕಟ್ಟು. ನನ್ನ ಕಾಲು ನಿಲ್ಲುವುದು ಬೇರೆ ಕಡೆ. ಪೀಟರ್ ಕ್ಲಾಸ್, ವಿಲ್ಲೆಮ್ ಕ್ಲಾಸ್ ಹೇಡಾ. ಇಬ್ಬರೂ 17ನೇ ಶತಮಾನದಲ್ಲಿ ಹಾರ್ಲೆಮ್‌ನಲ್ಲಿ ಕೂತು, ಊಟ ಅರ್ಧಕ್ಕೆ ಬಿಟ್ಟೆದ್ದ ಮೇಜನ್ನು ಜೀವನಪೂರ್ತಿ ಬರೆದವರು.

ಹೇಡಾನ ಒಂದು ಮೇಜು ನೋಡಿ. ಬಿಳಿ ಲಿನನ್ ಬಟ್ಟೆಯನ್ನು ಯಾರೋ ಒಂದು ಬದಿಗೆ ತಳ್ಳಿದ್ದಾರೆ, ಮಡಿಕೆಯ ಗುರುತು ಇನ್ನೂ ಹೋಗಿಲ್ಲ. ತವರದ ತಟ್ಟೆ ಮೇಜಿನಂಚಿನಿಂದ ಅರ್ಧ ಹೊರಗೆ. ಬೀಳುತ್ತದೆಯೇನೋ ಎಂದು ಕೈ ಮುಂದಾಗಬೇಕು. ಸಿಪ್ಪೆ ಸುಲಿದ ನಿಂಬೆ, ಸಿಪ್ಪೆ ಸುರುಳಿಯಾಗಿ ಕೆಳಗೆ ಜೋತಿದೆ. ದಪ್ಪ ಕಾಲಿನ ಹಸಿರು ಗಾಜಿನ ಲೋಟ, ರೂಮರ್ ಅನ್ನುತ್ತಾರೆ, ಅದರ ಹೊಟ್ಟೆಯಲ್ಲಿ ಚಿತ್ರದಲ್ಲೆಲ್ಲೂ ಕಾಣದ ಕಿಟಕಿಯೊಂದರ ನಾಲ್ಕು ಚೌಕ ಬೆಳಕು. ಅಡ್ಡ ಬಿದ್ದ ಬೆಳ್ಳಿ ಬಟ್ಟಲು. ಬಣ್ಣವೋ, ಬೂದಿ, ಕಂದು, ಮಬ್ಬು ಹಸಿರು, ಇಷ್ಟೇ. ಈಗ ಅವನ ಇನ್ನೊಂದು ಚಿತ್ರದ ಮುಂದೆ ನಿಲ್ಲಿ, ಮತ್ತೊಂದರ ಮುಂದೆ ನಿಲ್ಲಿ. ಅದೇ ಹೂಜಿ ಎಡದಿಂದ ಬಲಕ್ಕೆ ಬಂದಿದೆ. ಬಿದ್ದಿದ್ದ ಬಟ್ಟಲು ಎದ್ದಿದೆ. ಲೋಟದ ದ್ರಾಕ್ಷಾರಸ ಇಳಿದಿದೆ, ಇನ್ನೊಂದು ಕಡೆ ಲೋಟವೇ ಒಡೆದಿದೆ. ಮಗ ಗೆರಿಟ್ ಕೂಡ ಚಿತ್ರಕಾರನಾದ, ಅಪ್ಪನ ಸಾಮಾನನ್ನೇ ಬರೆದ. ಎರಡು ತಲೆಮಾರು ಆ ಒಂದು ಬುಟ್ಟಿ ಪಾತ್ರೆಯ ಮೇಲೆ ಊಟ ಮಾಡಿತು.

ಆದರೂ ಬೇಸರ ಬರುವುದಿಲ್ಲ, ಇದು ಸೋಜಿಗ. ಸಾಮಾನು ಅದೇ ಎಂದು ಗೊತ್ತಾದ ಮೇಲೆ ಕಣ್ಣು ಸಾಮಾನನ್ನು ಬಿಟ್ಟು ಜಾಗ ನೋಡತೊಡಗುತ್ತದೆ. ಹೂಜಿಗೂ ಲೋಟಕ್ಕೂ ನಡುವಿನ ಖಾಲಿ ಎಷ್ಟು, ತಟ್ಟೆ ಯಾಕೆ ಅಂಚಿಗೆ, ಬೆಳಕು ಎಲ್ಲಿಂದ. ಮನೆಗೆ ಬಂದು ನಾನು ನಮ್ಮ ಊಟದ ಮೇಜನ್ನೊಮ್ಮೆ ಪೂರ್ತಿ ಖಾಲಿ ಮಾಡಿದೆ. ಅಮ್ಮನ ಹಿತ್ತಾಳೆ ಚೊಂಬು, ಒಂದು ಗಾಜಿನ ಲೋಟ, ಎರಡು ನಿಂಬೆಹಣ್ಣು, ಬಾಣಲೆ ಇಳಿಸುವ ಇಕ್ಕಳ. ಚೊಂಬನ್ನು ನಡುವಿಗಿಟ್ಟರೆ ಪೂಜೆಗೆ ಕೂತಂತಾಯಿತು. ಮೂಲೆಗೆ ಸರಿಸಿದರೆ ಅದಕ್ಕೊಂದು ಬಿಗುಮಾನ ಬಂತು. ಇಕ್ಕಳ ಎಲ್ಲಿಟ್ಟರೂ ಇಕ್ಕಳವೇ, ಅಡುಗೆಮನೆಗೆ ವಾಪಸ್ಸು ಹೋಯಿತು. ಹೇಡಾನ ಮೇಜಿಗೆ ಏನನ್ನು ತರಲಿಲ್ಲ ಎನ್ನುವುದರಲ್ಲೇ ಅರ್ಧ ಕೆಲಸ ಮುಗಿದಿರಬೇಕು.

ಆ ಬಿಳಿ ಬಟ್ಟೆಯೂ ಈ ಊರಿನದೇ ಹೆಮ್ಮೆ. ಪಕ್ಕದ ಓವರ್‌ಫೇನ್, ಬ್ಲೂಮೆಂದಾಲ್‌ಗಳ ಮರಳದಿಬ್ಬದ ಬುಡದಲ್ಲಿ ಒಸರುವ ತಿಳಿನೀರಿದೆ. ಆ ನೀರನ್ನು ನಂಬಿ ಯುರೋಪಿನ ಬೇರೆ ಬೇರೆ ಕಡೆ ನೇಯ್ದ ಲಿನನ್ ಕೂಡ ಬಿಳಿಯಾಗಲು ಇಲ್ಲಿಗೆ ಬರುತ್ತಿತ್ತು. ಬೂದಿನೀರಿನಲ್ಲಿ ಬೇಯಿಸಿ, ಹುಳಿಮಜ್ಜಿಗೆಯಲ್ಲಿ ನೆನೆಹಾಕಿ, ಹುಲ್ಲಿನ ಮೇಲೆ ಉದ್ದಕ್ಕೂ ಹಾಸಿ ಬಿಸಿಲಿಗೆ ಬಿಡುತ್ತಿದ್ದರು. ವಸಂತದಿಂದ ಶರತ್ತಿನವರೆಗೆ ಇದೇ ಕೆಲಸ. ದಿಬ್ಬದ ಮೇಲೆ ನಿಂತು ಹಾರ್ಲೆಮ್ ನೋಟ ಬರೆದ ಯಾಕೊಬ್ ಫಾನ್ ರೌಸ್‌ದಾಲ್‌ನ ಚಿತ್ರದಲ್ಲಿ ಮೋಡ ಬಹುಪಾಲು ಆವರಿಸಿದೆ. ಕೆಳಗೆ ಹಸಿರಿನ ಮೇಲೆ ಒಂದೆಡೆ ಬಿಸಿಲು ಬಿದ್ದಲ್ಲಿ ಆ ಬಟ್ಟೆಗಳ ಬಿಳಿ ಪಟ್ಟೆಗಳಿವೆ. ಹುಳಿಮಜ್ಜಿಗೆಯಲ್ಲಿ ಬಟ್ಟೆ ನೆನೆಸುವ ಸುದ್ದಿ ಕೇಳಿ ನಮ್ಮತ್ತೆ "ಪಾಪ, ಕುಡೀಲಿಕ್ಕೆ ಬರ್ತಿರಲಿಲ್ಲೇನು ಅವರಿಗೆ?" ಅಂದರು.

ಅತ್ತೆ ಧಾರವಾಡದವರು. ಚಳಿಗಾಲದ ನಮ್ಮ ಮನೆಯ ರೂಪ ಅವರ ಕೌದಿಯಿಂದ. ಹಳೆ ಇಳಕಲ್ ಸೀರೆ, ಖಣದ ಚೂರು, ಮಾವನ ಅಂಗಿ, ನನ್ನ ಗಂಡನ ಶಾಲೆಯ ಖಾಕಿ ಚಡ್ಡಿ, ಎಲ್ಲ ಪದರ ಪದರವಾಗಿ ಕೂಡಿ, ಅಂಚಿನಿಂದ ಒಳಗೊಳಗೆ ಸುತ್ತಿಬರುವ ಕೈಹೊಲಿಗೆ. ವಸಂತದಿಂದ ಶರತ್ತಿನವರೆಗೆ ಅದು ಅಟ್ಟದ ಪಾಲು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವ ದಿನ ಕೆಳಗೆ ಇಳಿಯುತ್ತದೆ. ಸೋಫಾದ ಬೂದುಬಣ್ಣವೆಲ್ಲ ಅದರಡಿ ಮುಚ್ಚಿಹೋಗಿ ಕೋಣೆ ಒಂದೇ ಏಟಿಗೆ ಬೆಚ್ಚಗಾಗುತ್ತದೆ. ಕೌದಿ ಹೊದ್ದು ಕೂತ ಮಗಳು ಬೆರಳಿಟ್ಟು ಓದುತ್ತಾಳೆ: ಇದು ಅಜ್ಜಿಯ ಸೀಮಂತದ ಸೀರೆ, ಇದು ಅಪ್ಪ ಮಾವಿನಮರದಿಂದ ಬಿದ್ದಾಗಿನ ಚಡ್ಡಿ. ಖಾಕಿ ತುಂಡಿನಲ್ಲಿ ಜೇಬಿನ ಹೊಲಿಗೆಯ ಚುಕ್ಕಿಗುರುತು ಇನ್ನೂ ಇದೆ. ಮುಂಚೆ ಅದನ್ನು ವರ್ಷವಿಡೀ ಸೋಫಾದ ಬೆನ್ನಿಗೆ ಹಾಕಿರುತ್ತಿದ್ದೆವು. ಆಗ ಯಾರೂ ಅದನ್ನು ಓದಿದ್ದಿಲ್ಲ.

*

ಇನ್ನು ಬೆಳಕು. ಮನೆಯ ಅಲಂಕಾರದ ಬಗ್ಗೆ ನಮ್ಮೂರಿನಲ್ಲಿ ಕಲಿತದ್ದನ್ನೆಲ್ಲ ತಲೆಕೆಳಗು ಮಾಡಿದ್ದು ಇದು. ಮೈಸೂರಿನಲ್ಲಿ ಡಿಸೆಂಬರ್ ನಡುಹಗಲಿನಲ್ಲೂ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೂರು ತುಸು ಮುಂದೆ ಚಾಚಿದರೆ ಸಾಕು, ಒಳಗೆ ಬರಲಾರ. ಹಾರ್ಲೆಮ್ 52 ಡಿಗ್ರಿ ಉತ್ತರದಲ್ಲಿದೆ. ಇಲ್ಲಿ ಅದೇ ಹೊತ್ತಿನಲ್ಲಿ ಅವನ ಎತ್ತರ 14 ಡಿಗ್ರಿ, ಅಂದರೆ ಎದುರು ಮನೆಯ ಹೊಗೆಗೂಡಿನಷ್ಟು. ಒಂಬತ್ತಕ್ಕೆ ಸ್ವಲ್ಪ ಮುಂಚೆ ಹುಟ್ಟಿ ನಾಲ್ಕೂವರೆಗೆ ಮುಳುಗುವವನು, ಮೋಡ ಬಿಟ್ಟರೆ ಮಾತ್ರ ದರ್ಶನ. ಆದರೆ ಬಂದಾಗ ಅಡ್ಡಡ್ಡ ಬರುತ್ತಾನೆ, ಹಾಲ್‌ನ ಕೊನೆಯ ಗೋಡೆ ಮುಟ್ಟುತ್ತಾನೆ. ನಮ್ಮಂಥ ಸಾಲುಮನೆಗಳನ್ನು ಕಟ್ಟಿದವರು ಇದನ್ನು ತಿಳಿದೇ ಕಟ್ಟಿದ್ದಾರೆ, ಹಾಲ್‌ನ ಮುಂದೊಂದು ಹಿಂದೊಂದು ದೊಡ್ಡ ಕಿಟಕಿ, ನಡುವೆ ಗೋಡೆಯಿಲ್ಲ.

ಹಾಗಾಗಿ ನಮ್ಮ ಮನೆಯ ಕನ್ನಡಿಗೆ ಎರಡು ಮೊಳೆ. ಬೇಸಿಗೆಯಲ್ಲಿ ಹಜಾರದ ಮೊಳೆ, ಅಲ್ಲದು ಬರೀ ಮುಖ ನೋಡಿಕೊಳ್ಳಲು. ನವೆಂಬರಿನಲ್ಲಿ ಒಳಗೋಡೆಯ ಮೊಳೆ, ಅಲ್ಲಿ ಬಿಸಿಲು ಹಿಡಿದು ಅಡುಗೆಮನೆಗೆ ರವಾನಿಸುವ ಕೆಲಸ. ಹಿತ್ತಾಳೆ ಸಾಮಾನೂ ಅಷ್ಟೇ. ಊರಿನ ಬೆಳಕಿನಲ್ಲಿ ಕಣ್ಣು ಕುಕ್ಕುವ ಹರಿವಾಣ ಇಲ್ಲಿ ಡಿಸೆಂಬರಿನ ಮಬ್ಬಿನಲ್ಲಿ ದೀಪಕ್ಕೆ ಹಿಂದೆ ಒರಗಿಸಿಟ್ಟರೆ ಕೋಣೆಯ ಆ ಮೂಲೆ ತುಂಬ ಹಳದಿ. ಸುರಿನಾಮದವರ ಅಂಗಡಿಯಲ್ಲಿ ಹುಣಸೆಹಣ್ಣು ಧಾರಾಳ ಸಿಗುತ್ತದೆ. ಸಾರಿಗೆ ಹಿಂಡಿ ಉಳಿದ ಚರಟಕ್ಕೆ ಉಪ್ಪು ಸೇರಿಸಿ ಉಜ್ಜಿದರೆ ಆಯಿತು. ಮೇ ತಿಂಗಳು ಬಂದ ಕೂಡಲೇ ಹರಿವಾಣ ಅಟ್ಟಕ್ಕೆ. ರಾತ್ರಿ ಹತ್ತರವರೆಗೆ ಬಿಸಿಲಿರುವ ಜೂನ್‌ನಲ್ಲಿ ಅದನ್ನು ಹೊರಗಿಟ್ಟರೆ ಪಕ್ಕದವರ ಮನೆಗೆ ಟಾರ್ಚು ಬಿಟ್ಟಂತಾಗುತ್ತದೆ.

ಅಟ್ಟದ ಕತ್ತಲೆಯಲ್ಲಿ ಪೆಟ್ಟಿಗೆಗಳ ಜೊತೆ ಇನ್ನೊಂದು ವಸ್ತು ಇರುತ್ತದೆ, ಅದು ನಿಜವಾಗಿಯೂ ಬೆಳೆಯುತ್ತಿರುತ್ತದೆ. ಹಯಸಿಂತ್ ಗೆಡ್ಡೆ. ಟುಲಿಪ್ ಹುಚ್ಚು ಇಳಿದದ್ದು 1637ರ ಫೆಬ್ರವರಿಯಲ್ಲಿ, ಹಾರ್ಲೆಮ್‌ನಲ್ಲೇ, ಹರಾಜು ಕೂಗಿದರೂ ಕೊಳ್ಳುವವರು ಬಾರದೆ. ಎಲ್ಲ ಪುಸ್ತಕಗಳೂ ಆ ಕಥೆ ಹೇಳುತ್ತವೆ. ಮುಂದಿನ ಶತಮಾನದಲ್ಲಿ ಈ ಊರು ಹಯಸಿಂತ್‌ಗೆ ಮರುಳಾದದ್ದನ್ನು ಹೇಳುವವರು ಕಮ್ಮಿ. ಇಲ್ಲಿನ ಬೆಳೆಗಾರ ಯೋರಿಸ್ ಫೋರ್‌ಹೆಲ್ಮ್ 1752ರಲ್ಲಿ ಆ ಹೂವಿನ ಬಗ್ಗೆಯೇ ಫ್ರೆಂಚ್ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಮಣ್ಣಿಲ್ಲದೆ ಬರೀ ನೀರಿನ ಮೇಲೆ ಗೆಡ್ಡೆ ಕೂರಿಸಿ ಚಳಿಗಾಲದ ನಡುವೆ ಮನೆಯೊಳಗೆ ಹೂ ಬಿಡಿಸುವ ಶೋಕಿಯೂ ಆ ಕಾಲದ್ದೇ. ಅದಕ್ಕೆಂದೇ ಕತ್ತು ಕಿರಿದಾದ, ಬಾಯಿ ಬಟ್ಟಲಿನಂತಿರುವ ಗಾಜಿನ ಪಾತ್ರೆ ಮಾಡಿದರು. ನನ್ನ ಬಳಿ ಅದಿಲ್ಲ, ಕೊಡಗಿನ ಜೇನು ಮುಗಿದ ಬಾಟಲಿಗಳಿವೆ, ಅಳತೆ ಸರಿಯಾಗಿದೆ.

ಗೆಡ್ಡೆ ಕೊಡುವವಳು ಮೂಲೆಮನೆ ಅಜ್ಜಿ, ಹೇಳಿಕೊಟ್ಟವಳೂ ಅವಳೇ. ಕೈಗವಸು ಹಾಕಿಕೋ, ಇಲ್ಲದಿದ್ದರೆ ಸುವರ್ಣಗೆಡ್ಡೆ ಹೆಚ್ಚಿದಾಗಿನಂತೆ ಕೈ ತುರಿಸುತ್ತದೆ. ನೀರು ಗೆಡ್ಡೆಯ ಬುಡಕ್ಕೆ ತಾಗಬಾರದು, ತಾಗಿದರೆ ಕೊಳೆತೀತು. ಕೂದಲೆಳೆಯಷ್ಟು ಕೆಳಗಿರಲಿ, ಬೇರು ತಾನೇ ನೀರು ಹುಡುಕಿಕೊಂಡು ಇಳಿಯುತ್ತದೆ. ಆಮೇಲೆ ತಣ್ಣನೆಯ ಕತ್ತಲೆ, ಕಡಿಮೆಯೆಂದರೂ ಎರಡೂವರೆ ತಿಂಗಳು. ಆತುರಪಟ್ಟು ಬೇಗ ಬೆಳಕಿಗೆ ತಂದರೆ ಕಾಂಡ ಮೇಲೇಳುವುದಿಲ್ಲ, ಎಲೆಗಳ ನಡುವೆಯೇ ಕುಳ್ಳಗೆ ಅರಳಿಬಿಡುತ್ತದೆ. ಮೊಗ್ಗು ಕತ್ತು ದಾಟಿ ಬಂದಮೇಲೂ ಮೊದಲ ಕೆಲವು ದಿನ ಕಾಗದದ ಟೋಪಿ ಹಾಕಬೇಕು. ಟೋಪಿಗೆ ನಾನು ಹಳೆ ಪಂಚಾಂಗದ ಹಾಳೆ ಬಳಸುತ್ತೇನೆ. ಜನವರಿಯ ಖಾಲಿ ಕಿಟಕಿಯಲ್ಲಿ ರಾಹುಕಾಲ, ಗುಳಿಕಕಾಲ ಬರೆದ ಟೋಪಿ ತೊಟ್ಟು ಸಾಲಾಗಿ ನಿಂತ ಜೇನಿನ ಬಾಟಲಿಗಳನ್ನು ಕಂಡು ಅಂಚೆಯವನು ಏನೆಂದುಕೊಂಡಿದ್ದಾನೋ. ಟೋಪಿ ತೆಗೆದ ದಿನದಿಂದ ಒಂದು ವಾರ ಮನೆಯಲ್ಲಿ ಒಗ್ಗರಣೆಯ ವಾಸನೆಯೂ ಸೋಲುತ್ತದೆ. ಇನ್ನೂ ಒಂದು ವಾರಕ್ಕೆ ಆ ಘಮಲು ತಲೆ ಹಿಡಿಯುತ್ತದೆ, ಹಿತ್ತಲಿನ ಮಣ್ಣಿಗೆ ಹಾಕುತ್ತೇವೆ.

ಯುಗಾದಿಗೆ ತೋರಣದ್ದೊಂದೇ ಪೇಚು. ಮಾವಿನೆಲೆ ಆಮ್‌ಸ್ಟೆಲ್‌ವೀನ್‌ನಲ್ಲಿ ಇಂಡಿಯಾದ ಅಂಗಡಿಗಳಿಗೆ ಬಂದರೂ ಬಂದೀತು, ಐದು ಎಲೆಗೆ ಅಷ್ಟು ದೂರ ಹೋಗುವವರು ಯಾರು. ನಮ್ಮ ಹಿತ್ತಲಿನ ಬೇಲಿ ಲಾರೆಲ್ ಚೆರ್ರಿಯದು, ಈ ಊರಿನ ಅರ್ಧ ಬೇಲಿಗಳು ಅದರದೇ. ಎಲೆ ಮಾವಿನೆಲೆಯಷ್ಟೇ ನೀಳ, ಅದಕ್ಕಿಂತ ಹೊಳಪು, ಚಳಿಗಾಲದಲ್ಲೂ ಉದುರದು. ಹರಿದು ಮೂಸಿದರೆ ಮಾತ್ರ ಬಣ್ಣ ಬಯಲು, ಮಾವಿನ ಘಮವಿಲ್ಲ, ಕಹಿಬಾದಾಮಿಯ ವಾಸನೆ. ಬಾಯಿಗೆ ಹಾಕುವಂತಿಲ್ಲ, ವಿಷ. ಬಾಗಿಲಿಗೆ ಕಟ್ಟಲು ಅಡ್ಡಿಯಿಲ್ಲ. ಫೋಟೋದಲ್ಲಿ ಕಂಡ ಅಮ್ಮ "ಅಲ್ಲೂ ಮಾವಿನಸೊಪ್ಪು ಚೆನ್ನಾಗಿ ಬೆಳೆಯುತ್ತಲ್ಲೇ" ಎಂದಳು. ನಾನು ಇಲ್ಲವೆನ್ನಲಿಲ್ಲ, ಹೌದೆನ್ನಲೂ ಇಲ್ಲ.

ಏಪ್ರಿಲ್ ಎಂದರೆ ಊರಿಗೆ ಊರೇ ಅಟ್ಟ ಖಾಲಿ ಮಾಡುವ ಕಾಲ. ಒಂದು ಶನಿವಾರ ನೋರ್ಡ್‌ವೈಕ್‌ನಿಂದ ಹೊರಟ ಹೂವಿನ ಮೆರವಣಿಗೆ ರಾತ್ರಿ ಹಾರ್ಲೆಮ್ ತಲುಪಿ, ಮರುದಿನ ತೇರುಗಳು ಇಲ್ಲೇ ನಿಂತಿರುತ್ತವೆ. ಅದಾದ ಮೇಲೆ 27ಕ್ಕೆ ರಾಜನ ಹುಟ್ಟುಹಬ್ಬ. ಆ ದಿನ ಯಾರು ಬೇಕಾದರೂ ಬೀದಿಯಲ್ಲಿ ಚಾಪೆ ಹಾಸಿ ಮನೆಯ ಹಳೆ ಸಾಮಾನು ಮಾರಬಹುದು. ಮಕ್ಕಳಿಗೆ ಸುಗ್ಗಿ. ನಮ್ಮ ಕೆಎಲ್‌ಎಂ ಮನೆಗಳೂ ಅಂಥ ಒಂದು ಚಾಪೆಯಿಂದಲೇ ಎದ್ದು ಬಂದವು.

ಹೋದ ವರ್ಷ ಮಗಳೂ ಚಾಪೆ ಹಾಸಿದಳು. ಅಟ್ಟದಲ್ಲಿ ಜಾಗವಿಲ್ಲ, ಒಂದು ಇಳಿಯದೆ ಇನ್ನೊಂದು ಏರುವಂತಿಲ್ಲ ಎಂದು ಅವಳಪ್ಪ ಕಾನೂನು ಮಾಡಿದ್ದರು. ಆಡಿ ಬಿಟ್ಟ ಆಟಿಕೆ, ಎರಡು ಸಲ ಉಡುಗೊರೆಯಾಗಿ ಬಂದ ಒಂದೇ ಥರದ ಮೇಣದಬತ್ತಿಯ ಸ್ಟ್ಯಾಂಡು, ನಾನು ಮದುವೆಯಾದ ಹೊಸತರಲ್ಲಿ ಕೊಂಡ ಕಡುನೀಲಿ ಹೂದಾನಿ. ಅದಕ್ಕೆ ಎರಡು ಯೂರೋ ಎಂದು ಚೀಟಿ ಅಂಟಿಸಿದ್ದಳು. ನಾನೇ ಕೊಟ್ಟದ್ದು, ತಕರಾರಿರಲಿಲ್ಲ. ಯಾರೋ ಒಬ್ಬಾಕೆ ಬಂದು ಹೂದಾನಿಯನ್ನು ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ನಿಧಾನ ತಿರುಗಿಸಿದಳು. ಅದರ ಹೊಟ್ಟೆಯಲ್ಲಿ ಆಕಾಶ ಉದ್ದುದ್ದಕ್ಕೆ ಬಾಗಿ ಕಂಡಿತು. ಗಾಜಿನೊಳಗೆ ಸಣ್ಣ ಗುಳ್ಳೆಗಳ ಒಂದು ಸಾಲಿದೆ, ಅದನ್ನು ನಾನು ನೋಡೇ ಇರಲಿಲ್ಲ.

"ಅದು ಮಾರಾಟಕ್ಕಿಲ್ಲ," ಅಂದೆ.

ಆಕೆ ಚೀಟಿ ತೋರಿಸಿದಳು. ಮಗಳು ನನ್ನ ಮುಖ ನೋಡಿದಳು, ಆಮೇಲೆ ಆಕೆಯ ಮುಖ. "ಅಮ್ಮಾ, ನೀನು ಆ ಕಡೆ ಹೋಗಿ ಕೂತ್ಕೊ," ಅಂದಳು ಕನ್ನಡದಲ್ಲಿ. ಡಚ್ಚಿನಲ್ಲಿ ಆಕೆಗೆ ಏನೋ ಹೇಳಿದಳು. ಇಬ್ಬರೂ ನಕ್ಕರು. ಕೊನೆಗೆ ಹೂದಾನಿಯನ್ನು ನಾನೇ ಕೊಂಡೆ, ಐದು ಯೂರೋಗೆ.